ಬರ್ತಾ ಆರಿಸಿದ ಹುಂಜ

ಬರ್ತಾ, ನನ್ನ ಹೆಂಡತಿ, ದೇವರ ಪಾದ ಸೇರಿ ಐದು ತಿಂಗಳಾಯಿತು. ಕುಕ್ಕುಂದೂರಿನ ನಮ್ಮ ಹಿತ್ತಿಲಲ್ಲಿ ಅವಳು ಬಿಟ್ಟುಹೋದದ್ದು ಒಂಬತ್ತು ಹೇಂಟೆ, ಎರಡು ಎಳೆಯ ಹುಂಜ: ಒಂದು ಕೆಂಪು, ಒಂದು ಚುಕ್ಕೆಯದು. ಹುಂಜಗಳಿಗೆ ಕೂಗು ಬಂದದ್ದೇ ತಡ, ಕಾದಾಟ ಶುರುವಾಯಿತು. ಹೇಂಟೆಗಳ ಬೆನ್ನಿನ ಪುಕ್ಕವೂ ಉದುರಿತು. ಒಂದನ್ನೇ ಉಳಿಸಬೇಕು. ಬರ್ತಾ ಯಾವುದನ್ನು ಉಳಿಸುತ್ತಿದ್ದಳೋ ಅದನ್ನೇ ಉಳಿಸಬೇಕೆಂದು ನನ್ನ ಆಸೆ.

ಚುಕ್ಕೆಯದ್ದನ್ನು ಇಟ್ಟುಕೊಳ್ಳಬೇಕಂತೆ, ಬರ್ತಾಬಾಯಿ ತನಗೆ ಹೇಳಿದ್ದರಂತೆ ಎಂದು ಪಕ್ಕದ ಮನೆಯ ವಿಲ್ಮಾ ಬೇಲಿಯ ಬಳಿ ನಿಂತು ಹೇಳಿದಳು. ನಲವತ್ತೊಂದು ವರ್ಷ ಜೊತೆಗೆ ಮೊಣಕಾಲೂರಿ ಜಪಸರ ಹೇಳಿದವನಿಗೆ ಹೇಳದ್ದನ್ನು ಇವಳಿಗೆ ಹೇಳಿದಳೆ?

"ಅಷ್ಟೆಲ್ಲ ಗೊತ್ತುಂಟಾದರೆ ನೀನೇ ಇಟ್ಟುಕೋ" ಎಂದು ಚುಕ್ಕೆಯದ್ದನ್ನು ಬೇಲಿಯಾಚೆ ದಾಟಿಸಿಬಿಟ್ಟೆ. ಕೆಂಪು ಹುಂಜ ನೋಡಲು ದೊಡ್ಡದು, ಕೂಗೂ ಜೋರು. ಅದನ್ನು ಉಳಿಸಿಕೊಂಡೆ.

ಅಕ್ಕಿ ಚೆಲ್ಲಿದರೆ ಕೆಂಪು ಹುಂಜ ಹೇಂಟೆಗಳನ್ನು ಕುಕ್ಕಿ ಓಡಿಸಿ ತಾನೊಂದೇ ತಿನ್ನುತ್ತಿತ್ತು. ಆಚೆ ಚುಕ್ಕೆಯದು ಒಂದು ಹುಳ ಸಿಕ್ಕಿದರೂ ನುಂಗದೆ, ಕುಕ್ ಕುಕ್ ಎಂದು ಹೇಂಟೆಗಳನ್ನು ಕರೆಯುತ್ತಿತ್ತು. ವಾರದೊಳಗೆ ನನ್ನ ಹೇಂಟೆಗಳೆಲ್ಲ ಬೇಲಿ ನುಸುಳಿದವು. ಮೊಟ್ಟೆಯೂ ಅಲ್ಲೇ. ವಿಲ್ಮಾ ಅವನ್ನು ಒಂದೂ ಬಿಡದೆ ಬಟ್ಟಲಲ್ಲಿ ತಂದುಕೊಡುತ್ತಿದ್ದಳು. ಅವಳ ಆ ಒಳ್ಳೆಯತನವನ್ನೂ ನನ್ನಿಂದ ಸಹಿಸಲಾಗಲಿಲ್ಲ.

ಒಂದು ಭಾನುವಾರ ಪೂಜೆ ಮುಗಿಸಿ ಬಂದವನು ನೇರ ಅವಳ ಅಂಗಳಕ್ಕೆ ಹೋದೆ.

"ಬರ್ತಾ ನನಗೆ ಯಾಕೆ ಹೇಳಲಿಲ್ಲ?"

ವಿಲ್ಮಾ ಅಕ್ಕಿಯ ಗೆರಸೆಯನ್ನು ಕೆಳಗಿಟ್ಟಳು. "ಬರ್ತಾಬಾಯಿ ಒಂದನ್ನು ಇಟ್ಟುಕೊಳ್ತೇನೆ ಅಂದರೆ ಬಾಕಿಯದ್ದು ಎಂತ ಆಯಿತು ಅಂತ ನೀವು ಕೇಳ್ತೀರಲ್ವಾ, ಬಾಪ್ಪು? ಮನೆಯಲ್ಲಿ ಸಾಕಿದ್ದು ನಿಮ್ಮ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಅದಕ್ಕೆ ನಿಮ್ಮ ಹುಂಜ ನಮ್ಮ ಸಾರಿಗೆ, ನಮ್ಮದು ನಿಮ್ಮ ಸಾರಿಗೆ. ಹದಿನಾರು ವರ್ಷದಿಂದ ಹೀಗೇ."

ಆ ಕೋಳಿಗಳು ಕಾರ್ಕಳದ ಸಂತೆಯವೆಂದು ನಂಬಿ ಎರಡೆರಡು ಸಲ ಬಡಿಸಿಕೊಂಡವನು ನಾನು.

ಮರುದಿನ ಕೆಂಪು ಹುಂಜವನ್ನು ಅವಳಿಗೊಪ್ಪಿಸಿದೆ. ಅವಳು ತನ್ನ ಹುಂಜವೊಂದನ್ನು ಸಾರು ಮಾಡಿಯೇ ಕಳಿಸಿದಳು, ಚುಕ್ಕೆಯದ್ದನ್ನೂ ಹಿಂದೆ ಕೊಟ್ಟಳು. ಹೇಂಟೆಗಳು ಅದರ ಬೆನ್ನಿಗೇ ಮನೆ ಸೇರಿದವು.

ಆದರೂ ಆ ಹದಿನಾರು ವರ್ಷದ ಗುಟ್ಟು ಅವರಿಬ್ಬರದು, ನನ್ನದಲ್ಲ. ಶನಿವಾರ ಪಾಪನಿವೇದನೆಯಲ್ಲಿ ಹೊಟ್ಟೆಕಿಚ್ಚೆಂದು ಹೇಳಿಕೊಂಡೆ. ಪಾದ್ರಿಗಳು ಕ್ಷಮೆ ನೀಡಿದರು. ಸೋಮವಾರ ಬೆಳಿಗ್ಗೆ ವಿಲ್ಮಾ, ಬರ್ತಾ ಕರೆಯುತ್ತಿದ್ದ ರಾಗದಲ್ಲೇ, ತನ್ನ ಕೋಳಿಗಳನ್ನು ಬಾ ಬಾ ಎಂದು ಕರೆದಳು. ಹೊಟ್ಟೆಕಿಚ್ಚು ಮತ್ತೆ ಬಂತು.