ಅರವತ್ತೊಂದರಲ್ಲಿ ಓಡುತ್ತಿದ್ದುದು ಒಂದೇ

ನನ್ನ ಕಪಾಟಿನಲ್ಲಿ ಅರವತ್ತೊಂದು ಜೇಬುಗಡಿಯಾರಗಳಿದ್ದವು. ನಲವತ್ತು ವರ್ಷಗಳ ಸಂಗ್ರಹ. ಎದುರುಮನೆಯ ಬಾಗಿಲು ಮುರಿದು ಕಳವಾದ ಮೇಲೆ ಅವುಗಳಿಗೆ ವಿಮೆ ಮಾಡಿಸಲು ಹೊರಟೆ. ಮನೆಯಲ್ಲಿಟ್ಟ ವಸ್ತುವಿಗೆ ಹೊಣೆಯಾಗಲಾರೆವೆಂದು ಎರಡು ಕಂಪನಿಗಳು ಕೈಚೆಲ್ಲಿದವು. ಮೂರನೆಯದು ತನ್ನ ಮೌಲ್ಯಮಾಪಕನನ್ನು ಕಳಿಸಿತು. ಅವನೂ ಒಲ್ಲೆನೆಂದರೆ ನಾಲ್ಕನೆಯದೆಂಬುದು ಇರಲಿಲ್ಲ.

ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಬಂದ. ಕೊರಳಲ್ಲಿ ಭೂತಗನ್ನಡಿ ತೂಗಿಕೊಂಡ ತರುಣ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಅರ್ಜಿಯ ಹಾಳೆ ಬಿಡಿಸಿದ.

"ಯಜಮಾನರೇ, ಕಪಾಟಿನ ಬೀಗದಕೈ ಎಷ್ಟು ಜನರ ಹತ್ರ ಇದೆ?"

"ನನ್ನೊಬ್ಬನ ಹತ್ತಿರ."

"ಯೋಚಿಸಿ ಹೇಳಿ. ಇದು ಸುಳ್ಳಾದ್ರೆ ಕಳ್ಳ ಬಂದು ಹೋದ್ಮೇಲೆ ಕಂಪನಿ ಬಿಡಿಗಾಸೂ ಕೊಡಲ್ಲ."

"ಒಂದು ಎಣಿಸೋದಕ್ಕೆ ಯೋಚನೆ ಯಾಕಪ್ಪ?"

ಅವನು ನಕ್ಕು 'ಒಬ್ಬರು' ಎಂದು ಬರೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಒರೆಸುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು.

ನಾನು ಕಪಾಟು ತೆರೆದೆ. ತರುಣ ಮೊದಲ ಖಾನೆಯನ್ನು ಎಳೆದವನೇ ಬೆರಳೆತ್ತಿ ಸುಮ್ಮನಿರಲು ಸನ್ನೆ ಮಾಡಿದ. ಟಿಕ್, ಟಿಕ್. ಸಂಖ್ಯೆ ಒಂದು. ಮದುವೆಯಲ್ಲಿ ಮಾವನವರು ಕೊಟ್ಟ ಗಡಿಯಾರ.

"ಇದಕ್ಕೆ ಯಾವಾಗ ಕೀ ಕೊಟ್ರಿ?"

ಓಡಿದ್ದು ಸವೆಯುತ್ತದೆ, ಆದ್ದರಿಂದ ನಾನು ಯಾವ ಗಡಿಯಾರಕ್ಕೂ ಎಂದೂ ಕೀ ಕೊಟ್ಟವನಲ್ಲ. ಆ ಗಡಿಯಾರ ಪೂರ್ತಿ ಕೀ ಕೊಟ್ಟರೆ ಮೂವತ್ತು ಗಂಟೆ ಓಡುತ್ತದೆಂದು ಮಾವನವರು ಹೇಳಿದ್ದರು. ಹಿಂದಕ್ಕೆ ಎಣಿಸಿದೆ: ನಿನ್ನೆ ನಸುಕಿನ ನಾಲ್ಕರಿಂದ ಈಚೆಗೆ ಯಾರೋ ಕಪಾಟು ತೆರೆದಿದ್ದಾರೆ. ಅಷ್ಟರಲ್ಲಿ ನಾನು ಮನೆ ಬಿಟ್ಟದ್ದು ಒಂದೇ ಸಲ, ಕನ್ನಡಕದ ಅಂಗಡಿಗೆ. ಆಗ ಮನೆಯಲ್ಲಿದ್ದವರು ಒಬ್ಬರೇ.

ತಿರುಗಿ ನೋಡಿದೆ.

"ಹಾಗೇನ್ರೀ ನೋಡ್ತೀರಿ? ಕೀ ಕೊಟ್ಟಿದ್ದು ನಾನೇ."

"ಕಪಾಟು ಹೇಗೆ ತೆಗೆದೆ?"

ಅವಳು ಸಕ್ಕರೆ ಡಬ್ಬಿಯ ಹಿಂದಿನಿಂದ ಬೀಗದಕೈಯೊಂದನ್ನು ತಂದಳು. "ಬೀಗ ಕೊಂಡ್ರೆ ಎರಡು ಬೀಗದಕೈ ಕೊಡ್ತಾರೆ. ಊರ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು, ಇನ್ನೊಂದೆಲ್ಲಿ ಅಂತ ಈ ಬೀಗ ತಂದ ಹದಿನೆಂಟು ವರ್ಷದಲ್ಲಿ ಒಂದು ದಿನ ಕೇಳಿದ್ರಾ?"

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು."

"ಮೇಯ್ದಿಲ್ಲ, ನೀರು ಹಾಕಿದೀನಿ. ಅಪ್ಪನ ಗಡಿಯಾರ ಹೆಣದ ಹಾಗೆ ಬಿದ್ದಿರೋದು ನನಗೆ ನೋಡಕ್ಕಾಗಲ್ಲ."

ತರುಣನ ಲೇಖನಿ 'ಒಬ್ಬರು' ಎಂಬ ಪದದ ಮೇಲೆಯೇ ತೂಗುತ್ತಿತ್ತು. "ಎರಡಿದೆ ಅಂದ್ರೆ ಕಂಪನಿ ಒಪ್ಪೋದು ಕಷ್ಟ, ಯಜಮಾನರೇ. ಈಗಲೇ ಅದನ್ನ ನೀವು ಇಸ್ಕೊಂಡ್ರೆ, ನಾನು ಬರೆದಿದ್ದು ಬರೆದ ಹಾಗೇ ಇರುತ್ತೆ."

ಅವಳು ಬೀಗದಕೈಯನ್ನು ನನ್ನ ಮುಂದೆ ಹಿಡಿದಳು. "ತಗೊಳ್ಳಿ. ಸಂಜೆಗೆ ಅದು ನಿಲ್ಲುತ್ತೆ. ಅಷ್ಟೇ ತಾನೆ?"

ನಾನು ಕೈ ಚಾಚಿದ್ದೆ. ನಮ್ಮ ಮಾತು ನಡೆದಿದ್ದಾಗಲೇ ತರುಣ ಒಂದೊಂದೇ ಗಡಿಯಾರದ ಹಿಂಬದಿ ಬಿಚ್ಚಿ ನೋಡತೊಡಗಿದ್ದ. ಏಳನೆಯದನ್ನು ಮುಚ್ಚಿ ತಲೆಯಾಡಿಸಿದ.

"ಬಿಚ್ಚಿದ್ದರಲ್ಲೆಲ್ಲ ಎಣ್ಣೆ ಒಣಗಿ ಅಂಟಾಗಿದೆ, ಕೀ ಕಾಣದ ಉಳಿದವೂ ಹೀಗೇ ಇರುತ್ತವೆ. ಗಡಿಯಾರ ಆಗಾಗ ಓಡಬೇಕು, ಸ್ವಾಮಿ. ಇಷ್ಟರಲ್ಲಿ ಗಟ್ಟಿಮುಟ್ಟಾಗಿರೋದು ಇವರು ಕೀ ಕೊಟ್ಟಿದ್ದೊಂದೇ."

ಮೇಜಿನ ಮೇಲೆ ಟಿಕ್ ಟಿಕ್ ನಡೆದೇ ಇತ್ತು. ನಲವತ್ತು ವರ್ಷ ನಾನು ಕಾದದ್ದು ಅರವತ್ತನ್ನು, ಉಳಿಸಿದ್ದು ಸೊನ್ನೆ. ಚಾಚಿದ ಕೈ ಹಿಂದೆಗೆದೆ.

"ಇಬ್ಬರು ಅಂತ ತಿದ್ದಪ್ಪ."

"ವಿಮೆ ಕೈತಪ್ಪಬಹುದು."

"ತಪ್ಪಿದರೆ ತಪ್ಪಲಿ. ಸುಳ್ಳು ಲೆಕ್ಕಕ್ಕೆ ನಾನು ರುಜು ಹಾಕೋದಿಲ್ಲ."

ಅವನು ಹೊರಗೆ ಹೋಗಿ ಕಚೇರಿಗೆ ಫೋನು ಮಾಡಿದ. ಕಿಟಕಿಯಾಚೆ ಅವನ ತುಟಿಗಳಾಡುವುದಷ್ಟೇ ಕಾಣುತ್ತಿತ್ತು. ಒಳಗೆ ಬಂದವನು ಹೇಳಿದ: "ಮೇಲಿನವರು ಒಪ್ಪಿದ್ರು. ಒಂದು ಷರತ್ತು. ಕಪಾಟಿಗೆ ಎರಡು ಬೀಗ ಹಾಕಿಸಬೇಕು; ಒಂದು ನಿಮ್ಮದು, ಒಂದು ಅಮ್ಮನವರದು. ಇಬ್ಬರೂ ಸೇರದೆ ತೆರೆಯೋ ಹಾಗಿಲ್ಲ."

ರುಜು ಹಾಕಿದೆ. ಮಧ್ಯಾಹ್ನವೇ ಎರಡನೆಯ ಬೀಗ ಕೂತಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅಡುಗೆಮನೆಯ ಬಾಗಿಲಿಗೆ ಹೋದೆ.

"ಕಪಾಟು ತೆಗೀಬೇಕು. ಎಲ್ಲದಕ್ಕೂ ಕೀ ಕೊಡಬೇಕು. ಬರ್ತೀಯಾ?"

"ಕೈ ಒದ್ದೆ ಇದೆ," ಎಂದಳು, ತಿರುಗಿ ನೋಡದೆ. "ಸ್ವಲ್ಪ ನಿಂತಿರಿ."

ಹನ್ನೆರಡು ನಿಮಿಷ ನಿಂತೆ.