ನಿಂತೇ ಹೋದ ಹಿರಿಯರು

ಗಾದೆ ಸುಳ್ಳಾದರೂ ಧಾರಾವಾಹಿ ಸುಳ್ಳಾಗದು ಎಂದು ಹಿರಿಯರು ಹೇಳಿದ್ದಾರೆ. ಹಾಗಲ್ಲ, ಅಲ್ಲಿ ವೇದ ಅಂತ ಏನೋ ಇತ್ತಲ್ಲ ಎಂದು ತಕರಾರು ತೆಗೆಯುವವರು ಕೊರಿಯಾದ ಆಂದೊಂಗ್ ಕಡೆಯ ಸೊಲ್‌ಗೊಲ್ ಊರಿಗೆ ಒಮ್ಮೆ ಹೋಗಿ ಬರಲಿ. ಅಲ್ಲಿ ಒಬ್ಬ ಮರ್ಯಾದಸ್ಥರನ್ನು ಊರ ಚಾವಡಿಯಿಂದ ಎಬ್ಬಿಸಿ ಕಳಿಸಿದ್ದು ಒಂದು ಧಾರಾವಾಹಿ, ಮತ್ತೆ ಕರೆತಂದು ಕೂರಿಸಿದ್ದೂ ಅದೇ ಧಾರಾವಾಹಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಉಪ್ಪು ಖಾರ ಆ ಊರಿನವರೇ ಹಾಕಿದ್ದಾರೆ, ನನ್ನದೇನೂ ಇಲ್ಲ.

ಮೊಕ್ ಗಿಲ್‌ಸೊಪ್ ಮೇಷ್ಟ್ರು ಶಾಲೆಯಲ್ಲಿ ನೀತಿಪಾಠ ಹೇಳಿ ನಿವೃತ್ತರಾಗಿ, ಆಮೇಲೆ ಊರಿಗೇ ನೀತಿಪಾಠ ಹೇಳಲು ಕೂತವರು. ಹಿರಿಯರ ಪೂಜೆಗೆ ಮೀನನ್ನು ಯಾವ ದಿಕ್ಕಿಗಿಡಬೇಕು, ಮಾಂಸವನ್ನು ಯಾವ ದಿಕ್ಕಿಗೆ, ಸಾವಿನ ಮನೆಯಲ್ಲಿ ಎಷ್ಟು ಬಗ್ಗಬೇಕು, ಬಗ್ಗಿದವರು ಯಾವಾಗ ಏಳಬೇಕು, ಎಲ್ಲಕ್ಕೂ ಅವರೇ ಕೊನೆಯ ಮಾತು. ಮನೆತನದ ಹೆಸರೇ ಮೊಕ್ ಆಗಿದ್ದಕ್ಕೋ ಏನೋ, ಅವರಿಗೆ ಮೊಕ ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ ಲೋಕದಲ್ಲಿ ಇರಲಿಲ್ಲ.

ಆ ಮೊಕಕ್ಕೆ ಮಸಿ ಬಳಿದದ್ದು ಟಿವಿ. ಗೊರ್ಯೊ ಅರಸರ ಕಾಲದಲ್ಲಿ ಉತ್ತರದ ಖಿತಾನರು ಕುದುರೆ ಹತ್ತಿ ನುಗ್ಗಿದ ಯುದ್ಧದ ಕಥೆ ಶನಿವಾರ ಭಾನುವಾರ ಸಂಜೆ ಬರುತ್ತಿತ್ತು. ಊರಿಗೆ ಊರೇ ಅದರ ಮುಂದೆ ಕೂತು ಅಳುತ್ತಿತ್ತು. ಅದರಲ್ಲಿ ಮೊಕ್ ದಾಲ್‌ಹೋ ಎಂಬ ಸೇನಾಪತಿ ಕಾಣಿಸಿಕೊಂಡಾಗ ಮೇಷ್ಟ್ರು ಎದೆಯುಬ್ಬಿಸಿ, ‘ಅವ್ರು ನಮ್ಮಜ್ಜ’ ಎಂದಿದ್ದರು. ಸಾವಿರ ವರ್ಷದ ಹಿಂದಿನವನಾದರೂ ಮನೆತನದ ಹಿರಿಯ ಅಜ್ಜನೇ ತಾನೇ. ಆ ಅಜ್ಜನ ಬಗ್ಗೆ ಇತಿಹಾಸದಲ್ಲಿರುವುದು ಒಂದೇ ಸಾಲು, ಆ ಯುದ್ಧದಲ್ಲಿ ಇದ್ದ ಎಂದು. ಇದ್ದು ಏನು ಮಾಡಿದ ಎನ್ನುವುದನ್ನು ಇತಿಹಾಸ ಧಾರಾವಾಹಿ ಬರೆಯುವವರಿಗೆ ಬಿಟ್ಟುಕೊಟ್ಟಿತ್ತು. ಅವರು ಚಳಿಗಾಲದ ನಡುವೆ ಒಂದು ಶನಿವಾರ ಅಜ್ಜನ ಕೈಯಿಂದ ಬಾವುಟ ಕೆಳಗೆ ಹಾಕಿಸಿ, ಸೇತುವೆ ದಾಟಿಸಿ ಓಡಿಸಿಬಿಟ್ಟರು.

ಮರುದಿನ ಚಾವಡಿಯಲ್ಲಿ ಊರ ಪಟೇಲ ಪ್ಯೋ ಮಾನ್‌ಬೊಕ್ ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವುದು ಆತನ ಜಾತಕದಲ್ಲೇ ಇಲ್ಲ. ಮೇಷ್ಟ್ರ ಹಳೆಯ ಶಿಷ್ಯ, ಗಂಟಲಲ್ಲಿ ಇಡೀ ಜಿಲ್ಲೆಯನ್ನು ಇಟ್ಟುಕೊಂಡವನು. ಮಂತ್ರಿಯ ಹಾಗೆ ಕೆಮ್ಮುತ್ತಾನೆ, ಸೊಸೈಟಿಯ ಮ್ಯಾನೇಜರನ ಹಾಗೆ ಸಾಲ ಇಲ್ಲ ಎನ್ನುತ್ತಾನೆ, ತನ್ನ ಹೆಂಡತಿಯ ದನಿಯಲ್ಲಿ ತನ್ನನ್ನೇ ಬೈದುಕೊಳ್ಳುತ್ತಾನೆ. ಅವತ್ತು ಎಲೆ ಆಟದ ನಡುವೆ ಎದ್ದು ನಿಂತು, ದಾಲ್‌ಹೋನ ಗಡಸು ದನಿಯಲ್ಲೇ ತನ್ನ ಮೊಣಕಾಲಿಗೆ ಅಪ್ಪಣೆ ಕೊಟ್ಟ:

“ಕಾಲೇ, ನನ್ನ ಕಾಲೇ, ಮಹಾರಾಜರು ಆಮೇಲೆ ಬರ್ತಾರೆ, ನೀನು ಮೊದ್ಲು ಮನೆ ಸೇರ್ಕೋ.”

ಚಾವಡಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಎಲೆಗಳನ್ನು ಜೋಡಿಸಿಟ್ಟು, ಟೋಪಿ ಹಾಕಿಕೊಂಡು ಎದ್ದರು. ನಮ್ಮಜ್ಜ ರಣರಂಗಕ್ಕೆ ವಾಪಸ್ ಬರುವ ತನಕ ನಾನು ಈ ಹೊಸಿಲು ತುಳಿಯುವುದಿಲ್ಲ ಎಂದರು. ನಗೆ ಅಲ್ಲಿಗೆ ಸತ್ತಿತು.

ಅಂದಿನಿಂದ ಅವರ ಮನೆಯಲ್ಲಿ ವಾರದ ಕೊನೆಗೆ ಟಿವಿ ಹಾಕುವಂತಿಲ್ಲ. ಪಟ್ಟಣದ ಗುರುಮಂದಿರದಲ್ಲಿ ವಸಂತದ ಪೂಜೆಗೆ ಮಂತ್ರ ಓದುವ ಗೌರವ ವರ್ಷವರ್ಷ ಅವರದೇ. ಈ ಸಲ ಗಂಟಲು ಸರಿಯಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಓಡಿಹೋದವನ ಮೊಮ್ಮಗ ಬಂದ ಎಂದು ಯಾರಾದರೂ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರೆ ಆ ಗಂಟಲು ನಿಜಕ್ಕೂ ಕಟ್ಟಿಹೋಗುತ್ತಿತ್ತು. ಹಸಿರುಮನೆಯಲ್ಲಿ ಮೆಣಸಿನ ಸಸಿಗಳಿಗೆ ನೀರು ಹಾಕುತ್ತಾ, ಅವಕ್ಕೇ ನೀತಿಪಾಠ ಹೇಳುತ್ತಾ ದಿನ ಕಳೆದರು.

ಹೆಂಡತಿ ಹ್ವಾಸೂನ್ ಮತ್ತು ತೊಂಬತ್ತು ದಾಟಿದ ತಾಯಿ ಮಾತ್ರ ಶನಿವಾರ ಭಾನುವಾರ ಸಂಜೆಯಾದರೆ ಪಕ್ಕದ ಮನೆಗೆ ಬೆಳ್ಳುಳ್ಳಿ ಸುಲಿಯಲು ಹೋಗುತ್ತಿದ್ದರು. ಆ ಮನೆಯಲ್ಲಿ ಅಷ್ಟು ಬೆಳ್ಳುಳ್ಳಿ ಇಲ್ಲ ಎನ್ನುವುದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಏನು ಸುಲಿದಿರಿ ಎಂದು ಕೇಳುತ್ತಿರಲಿಲ್ಲ, ಬೆಳಿಗ್ಗೆ ಅವರ ಕಣ್ಣು ನೋಡಿ ಯುದ್ಧದ ಸುದ್ದಿ ತಿಳಿದುಕೊಳ್ಳುತ್ತಿದ್ದರು. ಕಣ್ಣು ಸ್ವಲ್ಪ ಊದಿದ್ದರೆ ಯಾವುದೋ ಕೋಟೆ ಬಿದ್ದಿದೆ. ತುಂಬ ಊದಿದ್ದರೆ ಒಳ್ಳೆಯವರು ಯಾರೋ ಹೋಗಿದ್ದಾರೆ. ಅಜ್ಜ ಬಂದನೇ ಎನ್ನುವುದು ಮಾತ್ರ ಯಾವ ಕಣ್ಣಲ್ಲೂ ಕಾಣಿಸುತ್ತಿರಲಿಲ್ಲ.

ಹೀಗೆ ದಿನ ಉರುಳಿ, ಕಥೆ ಮುಗಿಯಲು ಎರಡೇ ಸಂಜೆ ಉಳಿದವು. ಆ ಎರಡರಲ್ಲೂ ದಾಲ್‌ಹೋ ಬರದಿದ್ದರೆ ಅವನು ಹೇಡಿಯಾಗಿಯೇ ಉಳಿಯುತ್ತಾನೆ, ಮೇಷ್ಟ್ರು ಮನೆಯಲ್ಲೇ ಉಳಿಯುತ್ತಾರೆ. ಅವುಗಳಲ್ಲಿ ಮೊದಲನೆಯದು ಶನಿವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಹ್ವಾಸೂನಳ ಕಣ್ಣು ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಆಗಿತ್ತು. ಬೆಳ್ಳುಳ್ಳಿ ಘಾಟು ಜಾಸ್ತಿನಾ ಎಂದರು ಮೇಷ್ಟ್ರು. ಜಾಸ್ತಿನೇ ಎಂದು ಆಕೆ ಒಳಗೆ ಹೋದಳು. ಕೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ಮೇಷ್ಟ್ರು ಗಂಜಿಯ ಜೊತೆ ನುಂಗಿದರು.

ಅಷ್ಟರಲ್ಲಿ ಚಾವಡಿಯ ಮೈಕು ಗೊರಗೊರ ಎಂದಿತು. ಗೊಬ್ಬರ ಬಂದಿದೆ, ನಾಯಿ ಕಟ್ಟಿಹಾಕಿ ಎಂದೆಲ್ಲ ಪಟೇಲ ಸಾರುವುದು ಅದರಲ್ಲೇ. ಇವತ್ತು ಹಾಡಿಲ್ಲ, ಕೆಮ್ಮಿಲ್ಲ. ಸಾವಿನ ಸುದ್ದಿಗೆಂದೇ ಇಟ್ಟುಕೊಂಡ ಒದ್ದೆ ದನಿಯಲ್ಲಿ ಮಾನ್‌ಬೊಕ್ ಶುರುಮಾಡಿದ:

“ಊರಿನವರಿಗೆ ದುಃಖದ ಸುದ್ದಿ. ಮೊಕ್ ಮನೆತನದ ಹಿರಿಯರು ನಿನ್ನೆ ಸಂಜೆ ತೀರಿಕೊಂಡಿದ್ದಾರೆ. ಸೂತಕದ ಯಜಮಾನರು ಮೊಕ್ ಗಿಲ್‌ಸೊಪ್ ಮೇಷ್ಟ್ರು. ಅಂತಿಮ ದರ್ಶನ ಚಾವಡಿಯಲ್ಲಿ. ಮುಯ್ಯಿ ದುಡ್ಡಿನ ಲಕೋಟೆ ತಗೊಳಲ್ಲ, ಊಟ ಮಾಡದೆ ಯಾರನ್ನೂ ಕಳಿಸಲ್ಲ.”

ಮಗ ಯಜಮಾನನಾಗಿ ನಿಲ್ಲುವುದು ಹೆತ್ತವರ ಸಾವಿಗೆ. ಮೇಷ್ಟ್ರ ಕೈಯಿಂದ ಚಮಚ ಬಿತ್ತು. ತಂದೆ ಹೋಗಿ ಬಹಳ ಕಾಲವಾಗಿದೆ. ಅವರು ಎದ್ದುಬಿದ್ದು ತಾಯಿಯ ಕೋಣೆಗೆ ಓಡಿದರು. ಮುದುಕಿ ಬೆಚ್ಚನೆಯ ನೆಲದ ಮೇಲೆ ಕೂತು ಮೂಲಂಗಿ ಉಪ್ಪಿನಕಾಯಿ ಚೀಪುತ್ತಿದ್ದಳು.

“ಅಮ್ಮಾ, ಇದೀಯಾ?”

“ಇಲ್ದೆ ಎಲ್ಲಿ ಹೋಗ್ಲೋ, ಇನ್ನೂ ಗಂಜಿ ಬಂದಿಲ್ಲ.” ಆಮೇಲೆ ತನ್ನ ಮಣಿಕಟ್ಟು ಹಿಡಿದು ನೋಡಿಕೊಂಡಳು. “ಹೊಡ್ಕೊಳ್ತಾನೇ ಇದೆ. ನಾನಲ್ಲ ಬಿಡು.”

ಮೇಷ್ಟ್ರಿಗೆ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಹಾಗಾದರೆ ಯಾರು? ಪಟೇಲನಿಗೆ ಎಷ್ಟು ಸಲ ಫೋನು ಮಾಡಿದರೂ ಲೈನು ಬಿಡುವಿಲ್ಲ. ಹೆಂಡತಿಯನ್ನು ಕೇಳಿದರು. ಆಕೆ ಅವರ ಕಪ್ಪು ಅಂಗಿಗೆ ಆಗಲೇ ಇಸ್ತ್ರಿ ಹಾಕಿ, ತೋಳಿಗೆ ಕಟ್ಟುವ ಸೂತಕದ ಪಟ್ಟಿಯನ್ನು ಪಕ್ಕದಲ್ಲಿಟ್ಟಿದ್ದಳು.

“ನನ್ನ ಯಾಕೆ ಕೇಳ್ತೀರಿ? ವಂಶದ ವಿಚಾರ ಹೆಂಗಸರಿಗೆ ಅರ್ಥ ಆಗಲ್ಲ ಅಂತ ನೀವೇ ಹೇಳ್ತಿರ್ತೀರಲ್ಲ,” ಎಂದಳು.

ಮೇಷ್ಟ್ರು ಮನಸ್ಸಿನಲ್ಲೇ ಮನೆತನವನ್ನೆಲ್ಲ ತಡಕಿದರು. ಬುಸಾನಿನ ಚಿಕ್ಕಪ್ಪ ಸಿಕ್ಕಿದರು. ಗಂಡುಮಕ್ಕಳಿಲ್ಲದವರು, ಮಂಡಿ ಹಿಡಿದು ವರ್ಷಗಳಿಂದ ಮಂಚ ಬಿಟ್ಟು ಏಳಲಾಗದವರು. ಅವರೇ ಇರಬೇಕು. ಅವರ ಸೂತಕಕ್ಕೆ ತಾವೇ ಯಜಮಾನರು. ಅಂದಮೇಲೆ ಹೊಸಿಲು ತುಳಿಯುವುದಿಲ್ಲ ಎಂಬ ಶಪಥಕ್ಕಿಂತ ಸಾವು ದೊಡ್ಡದು. ಅಂಗಿ ತೊಟ್ಟು, ತಲೆ ತಗ್ಗಿಸಿ ಹೊರಟರು.

ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ಬಗ್ಗಿದರು. ಯಾರು ಸತ್ತದ್ದು ಎಂದು ಒಂದೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಸೂತಕದ ಯಜಮಾನ ಮಾತಾಡಕೂಡದು, ಹಿರಿಯರನ್ನು ಕಳೆದುಕೊಂಡ ಪಾಪಿ ತಾನು ಎನ್ನುವಂತೆ ಬಗ್ಗಿ ಮುಂದೆ ಹೋಗಬೇಕು ಎಂದು ಊರಿಗೆಲ್ಲ ಕಲಿಸಿದವರೇ ಅವರು. ಅದೂ ಅಲ್ಲದೆ, ಸತ್ತವರು ಯಾರೆಂದೇ ತಿಳಿಯದ ಯಜಮಾನ ಎನಿಸಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು. ಬಗ್ಗಿದರು, ಮುಂದೆ ಹೋದರು.

ಹಿಟ್ಟಿನ ಗಿರಣಿಯ ಮುಂದೆ ಪಕ್ಕದ ಮನೆಯಾಕೆ ಸಿಕ್ಕಳು, ಆ ಬೆಳ್ಳುಳ್ಳಿಯಿಲ್ಲದ ಮನೆಯವಳು. ಕಣ್ಣು ಒರೆಸಿಕೊಳ್ಳುತ್ತಾ ಕೈ ಹಿಡಿದಳು.

“ಎಂಥಾ ಸಾವು ಮೇಷ್ಟ್ರೇ. ನಿಂತ್ಕೊಂಡೇ ಹೋದ್ರು.”

ಮೇಷ್ಟ್ರಿಗೆ ತಲೆ ಗಿರ್ರೆಂದಿತು. ಮಂಚದಿಂದ ಏಳಲಾಗದ ಚಿಕ್ಕಪ್ಪ ನಿಂತುಕೊಂಡು ಹೇಗೆ ಹೋದರು? ಮುಂದಿನ ತಿರುವಿನಲ್ಲಿ ಸೈಕಲ್ ಅಂಗಡಿಯ ಮುದುಕ, ಎಷ್ಟು ಜನ ಎಳೆದರೂ ಬೀಳಲಿಲ್ಲವಂತಲ್ಲ ಎಂದು ಮೂಗು ಸೀಟಿದ. ಚಿಕ್ಕಪ್ಪನನ್ನು ಯಾರು ಎಳೆದರು, ಯಾಕೆ ಎಳೆದರು? ಸಾಯುವ ಮುದುಕರನ್ನು ಎಳೆದಾಡುತ್ತಾರೆಯೇ ಬುಸಾನಿನಲ್ಲಿ? ಮೇಷ್ಟ್ರಿಗೆ ಈಗ ನಿಜವಾಗಿಯೂ ಅಳು ಬಂತು. ಹೋದ ಹಬ್ಬಕ್ಕೆ ಹೋಗಿ ನೋಡಿಕೊಂಡು ಬರಲಿಲ್ಲವಲ್ಲ ಎಂದು ತಮ್ಮನ್ನೇ ಶಪಿಸಿಕೊಂಡರು.

ಚಾವಡಿಯಿಂದ ಕೆಂಪು ಖಾರದ ಮಾಂಸದ ಸಾರಿನ ಘಮ ಬರುತ್ತಿತ್ತು. ಒಳಗೆ ಬಿಳಿ ಸೇವಂತಿಗೆ, ಊದುಬತ್ತಿ, ಹಣ್ಣು, ಒಣಮೀನು, ಕಪ್ಪು ಪಟ್ಟಿ ಕಟ್ಟಿದ ಪಟ. ಹೆಂಗಸರು ಸಾಲಾಗಿ ಕೂತಿದ್ದರು, ಒಬ್ಬರ ಕಣ್ಣೂ ಸರಿಯಿರಲಿಲ್ಲ. ಮೇಷ್ಟ್ರು ನಿಯಮದಂತೆ ತಲೆ ಎತ್ತದೆ ಊದುಬತ್ತಿ ಹಚ್ಚಿ, ಐಗೋ, ಐಗೋ ಎಂದು ದನಿ ತೆಗೆದು ನೆಲಕ್ಕೆ ಹಣೆ ಮುಟ್ಟಿಸಿದರು. ಊರಿನ ಮಾಡಿನ ಮೇಲಿದ್ದ ಗುಬ್ಬಚ್ಚಿಗಳೆಲ್ಲ ಎದ್ದು ಹಾರಿದವಂತೆ, ಅಂಥ ಅಳು. ಎರಡನೆಯ ಸಲ ಬಗ್ಗಿ ತಲೆ ಎತ್ತಿದಾಗ ಮೊದಲ ಬಾರಿಗೆ ಪಟದ ಕಡೆ ನೋಡಿದರು.

ಪಟದಲ್ಲಿದ್ದವರು ಬುಸಾನಿನ ಚಿಕ್ಕಪ್ಪ ಅಲ್ಲ. ಕಬ್ಬಿಣದ ಶಿರಸ್ತ್ರಾಣ, ಕೆದರಿದ ಗಡ್ಡ, ಕೆನ್ನೆಯ ಮೇಲೆ ರಕ್ತ. ಟಿವಿಯ ಮುಂದೆ ಫೋನು ಹಿಡಿದು ತೆಗೆದ ಚಿತ್ರ, ಮೂಲೆಯಲ್ಲಿ ಟ್ಯೂಬ್‌ಲೈಟಿನ ನೆರಳೂ ಇತ್ತು.

ಆಗ ಅಡುಗೆಮನೆಯ ಬಾಗಿಲಿನಿಂದ ಮಾನ್‌ಬೊಕ್ ಬಂದ, ತಲೆಯ ಮೇಲೆ ಬಂಗಾರದ ಬಣ್ಣದ ಕಾಗದದ ಕಿರೀಟ. ಬಾಯಿ ತೆರೆದರೆ ಧಾರಾವಾಹಿಯ ಮಹಾರಾಜರೇ, ಅದೇ ನಡುಗುವ ದನಿ, ಅದೇ ಮಾತಿನ ನಡುವಿನ ನಿಟ್ಟುಸಿರು.

“ಕಾಗೆಕಣಿವೆಯಲ್ಲಿ ಬೆರಳೆಣಿಕೆಯ ಜನರೊಡನೆ ನಿಂತು, ನಮ್ಮ ಸೈನ್ಯ ಹೊಳೆ ದಾಟುವವರೆಗೆ ಖಿತಾನರ ಕುದುರೆಗಳನ್ನು ತಡೆದು, ಬಾಣಗಳು ಮೈಯೆಲ್ಲ ನಾಟಿದರೂ ಬಾವುಟ ಬಿಡದೆ ನಿಂತೇ ಪ್ರಾಣ ಬಿಟ್ಟ ಮೊಕ್ ದಾಲ್‌ಹೋನ ಹಳೆಯ ತಪ್ಪನ್ನು ನಾವು ಅಳಿಸಿದ್ದೇವೆ. ಅವನ ಮೊಮ್ಮಕ್ಕಳು ಇನ್ನು ತಲೆ ಎತ್ತಿ ನಡೆಯತಕ್ಕದ್ದು.”

ಮೇಷ್ಟ್ರು ಮಂಡಿಯ ಮೇಲೆ ಕೂತಲ್ಲೇ ಇದ್ದರು. ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು:

“ಬಂದ್ರಾ? ನಮ್ಮಜ್ಜ ವಾಪಸ್ ಬಂದ್ರಾ?”

ಮಾನ್‌ಬೊಕ್ ಕಿರೀಟ ತೆಗೆದ. ಆಮೇಲೆ ಮಾತಾಡಿದ್ದು ತನ್ನ ಸ್ವಂತ ದನಿಯಲ್ಲಿ. ಅದನ್ನು ಊರಿನವರು ಕೇಳಿದ್ದು ಕಡಿಮೆ.

“ಬಂದ್ರು ಮೇಷ್ಟ್ರೇ. ಬರ್ತಾರೋ ಇಲ್ವೋ ಅಂತ ನಿಮಗಿಂತ ನಾನೇ ಹೆದರಿದ್ದೆ. ಅವತ್ತು ನಾನು ಹಾಗೆ ಆಡ್ಬಾರ್ದಿತ್ತು.”

ನಿನ್ನೆ ಸಂಜೆ ಕಣಿವೆಯ ಮಂಜಿನಲ್ಲಿ ದಾಲ್‌ಹೋ ಕಾಣಿಸಿಕೊಂಡಾಗ ಪಕ್ಕದ ಮನೆಯಲ್ಲಿ ಹೆಂಗಸರೆಲ್ಲ ಎದ್ದು ನಿಂತರಂತೆ. ಮೇಷ್ಟ್ರ ತಾಯಿಯೂ ಗೋಡೆ ಹಿಡಿದು ನಿಂತಳು, ಅಜ್ಜ ನಿಂತಿರುವಾಗ ನಾನು ಕೂರುವುದು ಹೇಗೆ ಎಂದು. ಅವನು ಹೋದ ಮೇಲೆ ಯಾರಿಗೂ ಅನ್ನ ಸೇರಲಿಲ್ಲ. ಪಟೇಲ ಮನೆಮನೆಗೆ ಫೋನು ಮಾಡಿ ಈ ಸೂತಕಕ್ಕೆ ಒಪ್ಪಿಸಿದ, ಬಾಯಿ ಬಿಟ್ಟವರಿಗೆ ಈ ಸಲ ಗೊಬ್ಬರ ಕೊನೆಗೆ ಎಂದು ಬೆದರಿಸಿದ. ಮೇಷ್ಟ್ರ ಮುಂದೆ ಹೇಳಿದರೆ ಅವರು ಹೂಂ ಎಂದು ಮನೆಯಲ್ಲೇ ಕೂರುತ್ತಾರೆ, ಕರೆದರೆ ಬರುವವರಲ್ಲ, ಸಾವಾದರೆ ಮಾತ್ರ ಬಂದೇ ಬರುತ್ತಾರೆ ಎನ್ನುವುದು ಹ್ವಾಸೂನಳ ಲೆಕ್ಕಾಚಾರ.

ಬೆಳಗಿನ ಮರುಪ್ರಸಾರ ಶುರುವಾಗುವ ಹೊತ್ತಾಗಿತ್ತು. ಟಿವಿಯ ಮುಂದೆ ಮೇಷ್ಟ್ರಿಗೆ ಚಾಪೆ ಹಾಸಿದರು. ಅವರು ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮಿಟುಕಿಸದೆ ನೋಡಿದರು. ದಾಲ್‌ಹೋ ಮಂಜಿನಿಂದ ಹೊರಬಂದು ಮಣ್ಣಿನಲ್ಲಿ ಬಿದ್ದಿದ್ದ ಬಾವುಟವನ್ನು ಎತ್ತಿದಾಗ ಮೇಷ್ಟ್ರ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಈ ಸಲ ಐಗೋ ಎನ್ನಲೂ ಇಲ್ಲ. ಮುಗಿದ ಮೇಲೆ ಒಂದು ಉದ್ದದ ಉಸಿರು ಬಿಟ್ಟರು. ಚಳಿಗಾಲವಿಡೀ ಕಟ್ಟಿಕೊಂಡಿದ್ದ ಉಸಿರು ಅದು. ಆಮೇಲೆ ಪೂಜೆಯ ಮೇಜಿನ ಕಡೆ ತಿರುಗಿ, ಮೀನು ಪೂರ್ವಕ್ಕಿಡಬೇಕಿತ್ತು ಎಂದರು. ಅಷ್ಟು ಕೇಳಿದ್ದೇ ತಡ, ಚಾವಡಿಗೆ ಜೀವ ಬಂತು. ಸಾರು ಬಂತು, ಅಕ್ಕಿಯ ಹೆಂಡ ಮಕ್ಕೊಲ್ಲಿ ಬಂತು.

ಯಜಮಾನರಾದವರು ಬಂದವರಿಗೆಲ್ಲ ಬಡಿಸಬೇಕಲ್ಲ, ಮೇಷ್ಟ್ರು ತೋಳಿನ ಪಟ್ಟಿ ಬಿಚ್ಚದೆಯೇ ಬಟ್ಟಲು ಬಟ್ಟಲಿಗೆ ಮಕ್ಕೊಲ್ಲಿ ಸುರಿಯುತ್ತಾ ಹೋದರು. ದಾರಿಯಲ್ಲಿ ತಾವು ಬುಸಾನಿನ ಚಿಕ್ಕಪ್ಪನನ್ನು ಹೇಗೆ ಸಾಯಿಸಿದರು, ಹೇಗೆ ನಿಲ್ಲಿಸಿದರು, ಯಾರ‍್ಯಾರಿಂದ ಎಳೆಸಿದರು ಎಂದು ಹೇಳುತ್ತಾ ಹೋದ ಹಾಗೆ ಒಂದೊಂದು ಚಾಪೆಯೂ ನಕ್ಕು ಉರುಳಿತು. ಮಾನ್‌ಬೊಕ್ ಆಗಲೇ ಅವರ ಐಗೋ ಕಲಿತುಬಿಟ್ಟಿದ್ದ. ಮಾಡಿ ತೋರಿಸಲೇ ಎಂದು ಅಪ್ಪಣೆ ಕೇಳಿದ. ಮಾಡು ಎಂದರು ಮೇಷ್ಟ್ರು. ಮಾಡಿದ, ಹಣೆ ನೆಲಕ್ಕೆ ತಾಗುವ ಸದ್ದಿನ ಸಮೇತ.

ಸೊಸೆಯ ಕೈ ಹಿಡಿದು ಹಿಂದೆಯೇ ಬಂದು ಬೆಚ್ಚಗಿನ ಮೂಲೆಯಲ್ಲಿ ಕೂತಿದ್ದ ಮುದುಕಿ ಮಗನನ್ನು ಕರೆದಳು.

“ಗಿಲ್‌ಸೊಪಾ, ಕಾಣದ ಅಜ್ಜನಿಗೆ ಇಷ್ಟು ಅತ್ತೆಯಲ್ಲ, ಹೆತ್ತವಳು ನಾನು ಹೋದಾಗ ಇದಕ್ಕಿಂತ ಒಂದು ಕೂಗಾದ್ರೂ ಜಾಸ್ತಿ ಇರ್ಬೇಕು. ಕಡಿಮೆ ಆಯ್ತೋ, ಎದ್ದು ಕೂತ್ಕೊಂಡ್ಬಿಡ್ತೀನಿ.”

ಎಲ್ಲರೂ ನಕ್ಕರು. ಮೇಷ್ಟ್ರು ಹೂಜಿ ಕೆಳಗಿಟ್ಟು, ತಾಯಿಯ ಮಡಿಲ ಪಕ್ಕದಲ್ಲೇ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಉಳಿದವರ ನಗೆ ಇಳಿದರೂ ಅವರದು ಇಳಿಯಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ, ಮಾನ್‌ಬೊಕ್‌ಗೂ ಅನುಕರಿಸಲಾಗದಷ್ಟು ಜೋರಾಗಿ.