ಆರೂವರೆಯ ವಾರ್ತೆ

ನಲವತ್ತೆರಡರ ಆ ಮಳೆಗಾಲದಲ್ಲಿ ಹುಣಸೂರಿನ ರೇಡಿಯೋ ರಿಪೇರಿಯ ಗೌಸ್ ಸಾಹೇಬರು ಕಟ್ಟೆಮಳಲವಾಡಿಯ ನಂಜುಂಡಸ್ವಾಮಿಗಳ ಮನೆಗೆ ಬಂದದ್ದು ಅದು ಮೂರನೆಯ ಸಲ. ಊರಿಗೆಲ್ಲ ಅದೊಂದೇ ರೇಡಿಯೋ. ಬೇರೆ ಹೊತ್ತಿನಲ್ಲಿ ಚೆನ್ನಾಗಿ ಹಾಡುತ್ತಿದ್ದದ್ದು ಸಂಜೆ ಆರೂವರೆಯ ವಾರ್ತೆ ಶುರುವಾಗುತ್ತಲೇ ಕಿವುಡಾಗುತ್ತಿತ್ತು. ನಂಜುಂಡಸ್ವಾಮಿಗಳ ಮಗ ದೇವರಾಜು ಚಳವಳಿಗೆ ಹೋಗಿ ಜೈಲಿನಲ್ಲಿದ್ದ. ಬಿಡುಗಡೆಯ ಸುದ್ದಿ ಬಂದೀತೆಂದು ಮುದುಕರು ದಿನವೂ ಅದರ ಮುಂದೆ ಕೂರುತ್ತಿದ್ದರು.

"ನಿಮ್ಮ ಅಂಗಡೀಲಿ ಸರಿಯಾಗಿ ಮಾತಾಡ್ತದೆ. ಇಲ್ಲಿಗೆ ಬಂದ್ರೆ ಯಾಕಿಂಗೆ ಸಾಹೇಬ್ರೆ?"

ಗೌಸ್ ಪೆಟ್ಟಿಗೆಗೆ ಕಿವಿ ಹಚ್ಚಿದರು. ಯಾರೋ ಗಂಟಲು ಹಿಚುಕಿ ಬಿಟ್ಟಂತೆ ವಾರ್ತೆ ಮುಳುಗಿ ಏಳುತ್ತಿತ್ತು; ಮುಳುಗಿದಾಗಲೆಲ್ಲ ಸಣ್ಣಗೆ ಟಿಕ್‌ಟಿಕ್ ಸದ್ದು. ಹಿಂದಿನ ಯುದ್ಧದಲ್ಲಿ ಬಸ್ರಾದಲ್ಲಿ ಸೈನ್ಯದ ತಂತಿ ಸಂದೇಶ ಬಡಿದಿದ್ದ ಅವರ ಬೆರಳು ತಾನಾಗಿ ಆ ಲಯ ಹಿಡಿಯಿತು: ಉದ್ದ, ಗಿಡ್ಡ, ಗಿಡ್ಡ. ದೂರದ ದನಿ ಹಿಡಿಯುವ ಏರಿಯಲ್ ತಂತಿ ಕಿತ್ತರು. ವಾರ್ತೆ ಹೋಯಿತು, ಆ ಟಿಕ್‌ಟಿಕ್ ಮಾತ್ರ ಹೋಗಲಿಲ್ಲ. ಅಂದರೆ ಸುದ್ದಿ ಕಳಿಸುವ ಯಂತ್ರ ಇದೇ ಸೂರಿನಡಿ ಇದೆ. ಅದರ ಅಬ್ಬರದಲ್ಲಿ ರೇಡಿಯೋಗೆ ದೂರದ ದನಿ ಕೇಳುತ್ತಿಲ್ಲ.

ಸದ್ದು ನಿಂತಿತು. ಅಟ್ಟದ ಏಣಿಯಿಂದ ದೇವರಾಜುವಿನ ಹೆಂಡತಿ ಸುನಂದಮ್ಮ ಇಳಿದಳು. ಗೌಸರ ಕೈಯಲ್ಲಿದ್ದ ತಂತಿ ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತಳು.

"ಒಂದು ವಾಲ್ವು ಸೋತದೆ ಕಣ್ರೀ. ಮೈಸೂರಿಂದ ತರಿಸ್ಬೇಕು" ಎಂದು ಗೌಸ್ ಸುಳ್ಳು ಹೇಳಿದರು. ಹೊರಡುವಾಗ ಅವಳಿಗಷ್ಟೇ ಕೇಳುವಂತೆ, "ನಂಗೆ ಕೇಳಿದ್ದು ಬೇರೆಯವ್ರಿಗೂ ಕೇಳ್ತದೆ ತಾಯಿ. ನಿಲ್ಸಿಬುಡಿ" ಅಂದರು.

ನಾಲ್ಕು ದಿನ ಕಳೆದಿರಲಿಲ್ಲ, ಚಳವಳಿಯವರ ಗುಪ್ತ ಯಂತ್ರ ಹುಡುಕಲು ನೆತ್ತಿಯ ಮೇಲೆ ತಂತಿಯ ಬಳೆ ಹೊತ್ತ ಪೊಲೀಸ್ ವ್ಯಾನೊಂದು ಗೌಸರ ಅಂಗಡಿ ಮುಂದೆ ನಿಂತಿತು. ಈಚೆಗೆ ಯಾರ ರೇಡಿಯೋ ಆದರೂ ಕಿವುಡಾಗಿದೆಯೇ ಎಂದು ಅದರಿಂದಿಳಿದ ಅಧಿಕಾರಿ ಕೇಳಿದರು.

"ಇಲ್ಲ ಸ್ವಾಮಿ."

ದಾರಿ ತೋರಿಸಲು ಅವರನ್ನೇ ಹತ್ತಿಸಿಕೊಂಡರು. ಊರೂರು ಸುತ್ತಿ ಕಟ್ಟೆಮಳಲವಾಡಿ ಸೇರಿದಾಗ ಆರು ಗಂಟೆ. ವ್ಯಾನು ಕಂಡು ನಂಜುಂಡಸ್ವಾಮಿಗಳೇ ಬೀದಿಗೆ ಬಂದರು.

"ರೇಡಿಯೋದವ್ರಾ? ಒಳ್ಳೇದಾಯ್ತು. ನಮ್ದು ಆರೂವರೆಗೆ ಸರಿಯಾಗಿ ಸುಮ್ಕಾಗೋಯ್ತದೆ. ಈ ಸಾಹೇಬ್ರು ಮೂರು ಸಲ ನೋಡವ್ರೆ."

ಅಧಿಕಾರಿ ಗೌಸರತ್ತ ಒಮ್ಮೆ ನೋಡಿ ಜಗುಲಿಯಲ್ಲಿ ಕೂತರು. ಸುನಂದಮ್ಮ ಎಲ್ಲರಿಗೂ ನೀರು ತಂದಿಟ್ಟಳು. ಆರೂವರೆಯಾಯಿತು. ವಾರ್ತೆ ಒಂದಕ್ಷರ ತಪ್ಪದೆ ಸ್ಪಷ್ಟವಾಗಿ ಬಂತು.

"ನೋಡಿ, ಸರಿಹೋಯ್ತು." ಮುದುಕರ ಮುಖ ಅರಳಿತು.

"ಹೌದು. ನಾವು ಬಂದ ದಿನವೇ" ಎಂದು ಅಧಿಕಾರಿ ಎದ್ದು, ಪೇದೆಗಳಿಗೆ ಒಳಗೆ ಹುಡುಕುವಂತೆ ಕಣ್ಣಿನಲ್ಲೇ ಹೇಳಿದರು.

ಸುನಂದಮ್ಮ ಅಟ್ಟದ ಏಣಿಗೆ ಬೆನ್ನು ಕೊಟ್ಟು ನಿಂತಳು. "ಹತ್ಬೇಡಿ. ನಾನೇ ಇಳಿಸಿ ಕೊಡ್ತೀನಿ."

ನಂಜುಂಡಸ್ವಾಮಿಗಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. ವಾರ್ತೆ ತಪ್ಪಿಹೋದೀತೆಂದು ಎಲ್ಲರಿಗೂ ಸುಮ್ಮನಿರಲು ಕೈಸನ್ನೆ ಮಾಡುತ್ತಿದ್ದರು.